ತುಕ್ಕಾನಟ್ಟಿಯ ಬಿಳಿ ರಕ್ತ

ನಾನು ನಿಂತಿದ್ದು ತುಕ್ಕಾನಟ್ಟಿಯ ಶಾಲೆಯ ಹಿಂದಿನ ಕೋಣೆಯಲ್ಲಿ. ಮಂಗಳವಾರ, ಬೆಳಿಗ್ಗೆ ಎಂಟಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಬೆನ್ನ ಹಿಂದೆ ಕಿಟಕಿ, ಎಡಗಡೆ ಮಕ್ಕಳ ಬಿಸಿಯೂಟದ ಅಕ್ಕಿ ಚೀಲಗಳು, ಎದುರಿಗೆ ಮೇಜಿನ ಮೇಲೆ ರಕ್ತದ ಟ್ಯೂಬುಗಳನ್ನು ತಿರುಗಿಸುವ ಯಂತ್ರ. ಕಬ್ಬಿನ ಹಂಗಾಮು ಶುರುವಾಗಿ ತಿಂಗಳಾಗಿತ್ತು. ಹೊರಗೆ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹೋಗುವಾಗ ಮೇಜು ಸಣ್ಣಗೆ ನಡುಗುತ್ತಿತ್ತು. ಯಂತ್ರ ನಿಂತ ಮೇಲೆ ಮುಚ್ಚಳ ತೆಗೆದೆ. ಒಳಗೆ ಹನ್ನೆರಡು ಟ್ಯೂಬುಗಳಿದ್ದವು. ಹನ್ನೊಂದರಲ್ಲಿ ಎಂದಿನಂತೆ ಕೆಂಪು ಕೆಳಗೆ ಕೂತು, ಮೇಲೆ ತಿಳಿ ಹಳದಿ ನೀರು ನಿಂತಿತ್ತು. ಏಳನೆಯದರಲ್ಲಿ ಆ ನೀರು ಬಿಳಿಯಾಗಿತ್ತು. ಮಸುಕು ಅಲ್ಲ, ಮಂಜು ಅಲ್ಲ. ಆಗ ತಾನೇ ಹಿಂಡಿದ ಹಾಲಿನಷ್ಟು ಬಿಳಿ. ಟ್ಯೂಬಿನ ಹಿಂದೆ ಬೆರಳು ಇಟ್ಟು ನೋಡಿದೆ. ಬೆರಳು ಕಾಣಲಿಲ್ಲ.

ನಾನು ಡಾಕ್ಟರ್ ಅಲ್ಲ, ಲ್ಯಾಬ್ ಟೆಕ್ನಿಷಿಯನ್. ಊರು ಗೋಕಾಕ. ಆಗ ಬೆಳಗಾವಿಯ ಒಂದು ಸಂಶೋಧನಾ ತಂಡಕ್ಕೆ ಕೆಲಸ ಮಾಡುತ್ತಿದ್ದೆ. ನಮ್ಮ ಭಾಗದ ರೈತರಲ್ಲಿ, ದಪ್ಪ ಇಲ್ಲದವರಲ್ಲೂ, ಸಕ್ಕರೆ ಕಾಯಿಲೆ ಮತ್ತು ಯಕೃತ್ತಿಗೆ ಕೊಬ್ಬು ಸೇರುವುದು ಯಾಕೆ ಕಾಣುತ್ತಿದೆ, ರಕ್ತದಲ್ಲಿ ಕೊಬ್ಬು ಹೇಗೆ ಓಡಾಡುತ್ತದೆ ಎಂಬುದು ಅವರ ಪ್ರಶ್ನೆ. ಮೂಡಲಗಿ ಕಡೆಯ ಹಳ್ಳಿಗಳಲ್ಲಿ ರಕ್ತ ತೆಗೆಯುವುದು, ತಿರುಗಿಸುವುದು, ತಂಪು ಪೆಟ್ಟಿಗೆಯಲ್ಲಿಟ್ಟು ಬೆಳಗಾವಿಗೆ ಮುಟ್ಟಿಸುವುದು ನನ್ನ ಪಾಲಿನದು. ಹಿಂದಿನ ಸಂಜೆಯ ಊಟದ ನಂತರ ಹನ್ನೆರಡು ತಾಸು ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕದೆ ಬರಬೇಕು ಎಂಬುದೊಂದೇ ಕಟ್ಟುನಿಟ್ಟಿನ ನಿಯಮ.

ಏಳನೆಯ ಟ್ಯೂಬು ಒಬ್ಬ ಹೆಂಗಸಿನದು. ವಯಸ್ಸು ನಲವತ್ತೈದರ ಆಚೀಚೆ. ಊರ ಹೊರಗೆ ತೋಟದ ಮನೆಯಲ್ಲಿರುವವಳು. ಮೊಣಕೈಯ ಎಲುಬು ಎದ್ದು ಕಾಣುವಷ್ಟು ತೆಳ್ಳಗಿದ್ದಳು. ನಾನು ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಪಡಸಾಲೆಗೆ ಬಂದೆ.

"ಏನ್ ತಿಂದ ಬಂದೀರಿ ಯವ್ವಾ?"

"ಏನೂ ಇಲ್ರಿ. ನಿನ್ನಿ ಸಂಜಿಮುಂದ ರೊಟ್ಟಿ, ಪಲ್ಯ ಉಂಡಾಕಿ, ಅಷ್ಟ."

"ಚಾ?"

"ಚಾನೂ ಇಲ್ರಿ."

"ಸುಳ್ಳ ಹೇಳಿದ್ರ ನನಗೇನ ಲುಕ್ಸಾನ ಇಲ್ಲ. ನಿಮ್ಮ ರಕ್ತನ ಹೇಳಾಕತ್ತೈತಿ ನೋಡ್ರಿ."

ಸಾಲಿನಲ್ಲಿದ್ದ ಒಬ್ಬ ಮುದುಕ ಕುತ್ತಿಗೆ ಚಾಚಿ ಟ್ಯೂಬು ನೋಡಿದ. "ಎಮ್ಮಿ ಹಿಂಡೂಮುಂದ ಕೆಚ್ಚಲಕ್ಕ ಬಾಯಿ ಹಚ್ಚಿದ್ದೇನ ತಂಗಿ? ಇವತ್ತ ನಿಮ್ಮನಿ ಕರಾ ಉಪಾಸ ಬಿದ್ದಿರಬೇಕ!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಕೆ ನಗಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಮೆಟ್ಟಿಲಿಳಿದು ಹೋದಳು. ನಾನು ಆಕೆಯ ನಂಬರಿನ ಮುಂದೆ ಕೆಂಪು ಪೆನ್ನಿನಿಂದ 'ಉಂಡು ಬಂದಿದ್ದಾರೆ' ಎಂದು ಬರೆದು, ಟ್ಯೂಬನ್ನು ಕಸದ ಡಬ್ಬಿಗೆ ಹಾಕಿದೆ.

ನಾನು ಯಾಕೆ ಹಾಗೆ ಬರೆದೆ ಎಂಬುದನ್ನು ಸರಿಯಾಗಿ ಹೇಳಬೇಕು. ಹೊರಗಿನವನಾಗಿದ್ದರೆ ಬಹುಶಃ ಆಕೆಯನ್ನು ನಂಬುತ್ತಿದ್ದೆ. ಆದರೆ ನಾನು ಇಲ್ಲಿಯವನು. ನಮ್ಮಲ್ಲಿ ಬೆಳಿಗ್ಗೆ ಎಮ್ಮೆ ಹಿಂಡಿ, ಗಟ್ಟಿ ಹಾಲಿನ ಚಾ ಕುಡಿಯದೆ ಯಾರೂ ಹೊಸ್ತಿಲು ದಾಟುವುದಿಲ್ಲ. ಚಾ ಕುಡಿದವರು ಅದನ್ನು ತಿಂದದ್ದೆಂದು ಎಣಿಸುವುದೂ ಇಲ್ಲ. ಅಂಥ ನೂರಾರು ಮಂದಿಯನ್ನು ನಾನೇ ವಾಪಸು ಕಳಿಸಿದ್ದೆ. ಆದರೆ ಒಂದು ಬಟ್ಟಲು ಚಾ ರಕ್ತವನ್ನು ಅಷ್ಟು ಬಿಳಿ ಮಾಡುವುದಿಲ್ಲ. ಅದೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ.

ಮುಂದಿನ ಮಂಗಳವಾರ ಆಕೆ ಕರೆಯದೆಯೇ ಬಂದಳು, ಸಾಲಿನಲ್ಲಿ ಮೊದಲನೆಯವಳಾಗಿ. ರಕ್ತ ಕೊಟ್ಟ ಮೇಲೆ ಎದ್ದು ಹೋಗಲಿಲ್ಲ. ಯಂತ್ರ ನಿಲ್ಲುವವರೆಗೆ ಬಾಗಿಲಲ್ಲೇ ನಿಂತಳು. ಟ್ಯೂಬು ಮತ್ತೆ ಬಿಳಿಯಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಆಕೆ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಅರಿಶಿನದ ಪುಡಿ ಇತ್ತು, ದೇವರ ಭಂಡಾರ. ನಮ್ಮ ಕಡೆ ಅದನ್ನು ಮುಟ್ಟಿ ಸುಳ್ಳು ಹೇಳುವವರಿಲ್ಲ.

"ಭಂಡಾರ ಮುಟ್ಟಿ ಹೇಳತೇನ್ರಿ. ನಿನ್ನಿ ಸಂಜಿಯಿಂದ ನೀರ ಬಿಟ್ರ ಏನೂ ಬಾಯಾಗ ಹಾಕಿಲ್ಲ."

"ಅದನ್ನ ದೇವ್ರ ಮುಂದ ಹೇಳ್ರಿ. ಯಂತ್ರಕ್ಕ ಭಂಡಾರ ತಿಳಿಯಂಗಿಲ್ಲ" ಎಂದೆ.

ಈ ಮಾತನ್ನು ನಾನೇ ಆಡಿದೆ, ಇದೇ ಶಬ್ದಗಳಲ್ಲಿ. ಆಕೆ ಬೆರಳಿಗೆ ಅಂಟಿದ ಅರಿಶಿನವನ್ನು ಹಣೆಗೆ ಒರೆಸಿಕೊಂಡು ಹೋದಳು. ನಾನು ಮತ್ತೆ ಕೆಂಪು ಪೆನ್ನಿನಿಂದ ಅದನ್ನೇ ಬರೆದೆ. ಆ ದಿನ ಕಸದ ಡಬ್ಬಿ ತುಂಬಿತ್ತೆಂಬ ಕಾರಣಕ್ಕೆ ಮಾತ್ರ ಎರಡನೆಯ ಟ್ಯೂಬು ತಂಪು ಪೆಟ್ಟಿಗೆಯ ಮೂಲೆಯಲ್ಲಿ ಉಳಿಯಿತು. ನನ್ನ ಜಾಣತನ ಅದರಲ್ಲಿ ಏನೂ ಇರಲಿಲ್ಲ.

ಬುಧವಾರ ಬೆಳಗಾವಿಯಲ್ಲಿ ತಂಡದ ಮುಖ್ಯಸ್ಥೆ ನನ್ನ ವಹಿ ತಿರುವಿ ಹಾಕುತ್ತಿದ್ದರು. ಧಾರವಾಡದ ಕಡೆಯ ಡಾಕ್ಟರು, ಮಾತು ಕಡಿಮೆ. ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಈ ನಂಬರ ಎರಡ ಸಲ ಯಾಕ ಕೆಂಪಾಗೇತಿ?"

"ಉಂಡ ಬಂದಿದ್ರು ಮೇಡಂ."

"ಎರಡೂ ಸಲ?"

"ಹೂಂ ರಿ."

"ಉಂಡದ್ದನ್ನ ಯಾರ ನೋಡ್ಯಾರ?"

ಪೆಟ್ಟಿಗೆಯಿಂದ ಟ್ಯೂಬು ತಂದುಕೊಟ್ಟೆ. ಒಂದು ಹಗಲು ಒಂದು ರಾತ್ರಿ ತಂಪಿನಲ್ಲಿ ಅಲುಗಾಡದೆ ನಿಂತಿದ್ದರಿಂದ ಮೇಲೆ ಕೆನೆ ಕಟ್ಟಿತ್ತು. ಬೆರಳಗಲದ ಬಿಳಿ ಪದರ, ಅದರ ಕೆಳಗೆ ಸ್ವಲ್ಪ ತಿಳಿ. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೂರಲು ಹೇಳಿದರು.

ಅವರು ಹೇಳಿದ್ದನ್ನು ನಾನು ತಿಳಿದುಕೊಂಡಷ್ಟು ಬರೆಯುತ್ತೇನೆ. ನಾವು ಉಂಡ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ರಕ್ತಕ್ಕೆ ಇಳಿಯುತ್ತದೆ. ರಕ್ತನಾಳದ ಒಳಗೋಡೆಯ ಮೇಲೆ ಒಂದು ಕಿಣ್ವ ಕಾದು ಕುಳಿತಿರುತ್ತದೆ. ಅದು ಆ ಹನಿಗಳನ್ನು ಒಡೆದು, ಸ್ನಾಯುಗಳಿಗೆ ದುಡಿಯಲು ಒಂದಿಷ್ಟು, ಮೈಯ ಕೊಬ್ಬಿಗೆ ಕೂಡಿಡಲು ಒಂದಿಷ್ಟು ಹಂಚುತ್ತದೆ. ಬಹಳ ಅಪರೂಪಕ್ಕೆ ಕೆಲವರಲ್ಲಿ ಹುಟ್ಟಿನಿಂದಲೇ ಆ ಕಿಣ್ವ ಕೆಲಸ ಮಾಡುವುದಿಲ್ಲ. ಅಂಥವರ ಕೊಬ್ಬು ಮೈಮೇಲೆ ಕೂಡುವುದಿಲ್ಲ, ರಕ್ತದಲ್ಲೇ ಉಳಿಯುತ್ತದೆ. ಹನ್ನೆರಡು ತಾಸು ಉಪವಾಸವಿದ್ದರೂ ಬಸಿದು ಹೋಗುವುದಿಲ್ಲ. ಅದು ಹೆಚ್ಚಾದರೆ ಹೊಟ್ಟೆಯ ಹಿಂದಿರುವ ಮೇದೋಜೀರಕ ಗ್ರಂಥಿ ಉರಿದು ಊದಿಕೊಳ್ಳುತ್ತದೆ. ಆ ನೋವು ಜೀವ ತೆಗೆಯಬಲ್ಲದು. ಅಷ್ಟು ದಿನ ನಾನು ಕೊಬ್ಬು ಎಂದರೆ ದಪ್ಪ ಹೊಟ್ಟೆಯನ್ನೇ ಕಾಣುತ್ತಿದ್ದೆ. ಎಲುಬು ಕಾಣುವ ಹೆಂಗಸಿನ ರಕ್ತದಲ್ಲಿ ಕೆನೆ ಕಟ್ಟುವಷ್ಟು ಕೊಬ್ಬು ಇರಬಹುದೆಂಬುದು ನನ್ನ ಲೆಕ್ಕದಲ್ಲೇ ಇರಲಿಲ್ಲ.

"ಆಕಿ ಖರೇನ ಹೇಳ್ಯಾಳ" ಎಂದರು ಡಾಕ್ಟರು. "ಇದು ರಕ್ತಸಂಬಂಧದಾಗ ಬರತೈತಿ. ಆ ಮನ್ಯಾಗ ಹೊಟ್ಟಿನೋವಿನಾವರು ಯಾರದಾರ, ಬಸುರಿ ಯಾರದಾರ, ನಾಳಿಗೇ ಹೋಗಿ ಕೇಳ್ರಿ. ಬಸುರಾದಾಗ ರಕ್ತದಾಗಿನ ಕೊಬ್ಬು ತಾನ ಏರತೈತಿ."

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಆ ತೋಟದ ಮನೆಯ ಅಂಗಳದಲ್ಲಿದ್ದೆ. ಸುತ್ತ ಕಬ್ಬು. ದಕ್ಷಿಣದ ಕಡೆ ಅರ್ಧ ಕಡಿದಿದ್ದರು. ಕೊಟ್ಟಿಗೆಯಲ್ಲಿ ಎರಡು ಎಮ್ಮೆ. ಒಳಗಿನಿಂದ ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಬರುತ್ತಿತ್ತು. ಗೋಕಾಕದಲ್ಲಿ ಬೆಳೆದವನಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಒಲೆಯ ಮುಂದೆ ಆ ಹೆಂಗಸಿನ ಅತ್ತೆ ಕೂತಿದ್ದರು, ಎಂಬತ್ತರ ಹತ್ತಿರದ ಆಯಿ. ಪರಾತದಲ್ಲಿ ಒಣಕೊಬ್ಬರಿ, ಉತ್ತತ್ತಿ, ಬೆಲ್ಲ. ಬಸುರಿ ಬಾಣಂತಿಯರಿಗೆ ಕಟ್ಟುವ ಅಂಟಿನ ಉಂಡಿಗೆ ಎಲ್ಲ ತಯಾರಾಗಿತ್ತು.

ನಾನು ಮೊದಲು ಆ ಹೆಂಗಸಿನ ಕ್ಷಮೆ ಕೇಳಿದೆ. "ನೀವು ಹೇಳಿದ್ದು ಖರೆ ಇತ್ತು, ಯವ್ವಾ. ತಪ್ಪ ನಂದು" ಎಂದೆ. ಆಕೆ "ಕುಂದರ್ರಿ" ಎಂದಳು, ಅಷ್ಟೇ. ನಾನು ಹೊಟ್ಟೆನೋವಿನ ಮಾತು ಕೇಳಿದೆ. ಆಕೆ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು.

"ನನಗ ಇಬ್ಬರು ಹೆಣ್ಮಕ್ಕಳರಿ. ದೊಡ್ಡಾಕಿ ಹೊಟ್ಟಿನೋವು ಅಂತ ಅಂತನ ಹೋದ್ಲು. ಹಡದ ಒಂಬತ್ತನೇ ದಿನ. ಬಾಣಂತಿ ಸನ್ನಿ ಅಂದ್ರು. ನಾಕ ವರ್ಸ ಆತು."

"ನಾ ಏನೂ ಕಡಿಮಿ ಮಾಡಿರಲಿಲ್ಲ" ಎಂದರು ಆಯಿ ಒಲೆಯ ಮುಂದಿನಿಂದಲೇ. "ದಿನಾ ಎರಡೆರಡ ಉಂಡಿ, ರೊಟ್ಟಿ ಮ್ಯಾಲ ಬಟ್ಟಲ ತುಪ್ಪ. ನೋವು ಅಂದಷ್ಟೂ, ಶಕ್ತಿ ಬರಲಿ ಅಂತ ಮತ್ತ ತಿನಿಸಿದ್ನಿ."

ನಾನು ಆಯಿಯ ಕಡೆ ನೋಡದೆ ಸೊಸೆಯನ್ನು ಕೇಳಿದೆ: "ನಿಮ್ಮ ಬಾಣಂತನದಾಗ ಏನ ತಿಂದಿದ್ರಿ?"

"ಆಗ ತುಪ್ಪ ಎಲ್ಲಿತ್ರಿ ಈ ಮನ್ಯಾಗ? ಮಳಿ ಬಂದ್ರ ಬೆಳಿ ಅನ್ನೂ ಹೊಲ. ನುಚ್ಚು, ಕಾರಬ್ಯಾಳಿ, ಮಜ್ಜಿಗಿ. ನೀರು ಬಂದು, ಕಬ್ಬ ಹಚ್ಚಿ, ಎಮ್ಮಿ ಕಟ್ಟಿದ್ದು ಆಮ್ಯಾಲೆ."

ಈ ಮಾತಿನಷ್ಟು ಸ್ಪಷ್ಟವಾಗಿ ಆ ಕಾಯಿಲೆಯನ್ನು ನನಗೆ ಯಾವ ಪುಸ್ತಕವೂ ಕಲಿಸಿಲ್ಲ. ತಾಯಿಯನ್ನು ಬಡತನ ಉಳಿಸಿತ್ತು. ಮಗಳಿಗೆ ಮನೆಯವರು ತಮ್ಮ ಕೈಲಾದ ಅತ್ಯುತ್ತಮವಾದುದನ್ನು ಕೊಟ್ಟಿದ್ದರು.

"ಈ ಉಂಡಿ ಯಾರಿಗ್ರಿ?" ಎಂದು ಕೇಳಿದೆ.

"ಸಣ್ಣಾಕಿಗೆ. ಹುಕ್ಕೇರಿಗೆ ಕೊಟ್ಟೇವಿ. ಏಳ ತಿಂಗಳ ಬಸುರಿ ಅದಾಳ. ನಾಡದು ಶನಿವಾರ ಕುಬಸ ಐತಿ" ಎಂದಳು ತಾಯಿ. ಕುಬಸ ಎಂದರೆ ನಮ್ಮ ಕಡೆಯ ಸೀಮಂತ. ಆಮೇಲೆ ದನಿ ಇಳಿಸಿ, "ಉಂಡ ಮ್ಯಾಲ ಹೊಟ್ಟಿ ಹಿಂಡತೈತಿ ಅಂತ ಫೋನಿನ್ಯಾಗ ಹೇಳಾಕತ್ತಿದ್ಲು. ನಾನ ಅಂದ್ನಿ, ಪಿತ್ತ ಇರಬೇಕು, ತುಪ್ಪ ಹಾಕ್ಕೊಂಡ ಉಣ್ಣು ಅಂತ."

ಇನ್ನು ಮುಚ್ಚಿಡುವಂತಿರಲಿಲ್ಲ. ಡಾಕ್ಟರು ನನಗೆ ಹೇಳಿದಷ್ಟನ್ನು ನಿಧಾನವಾಗಿ, ಎರಡು ಸಲ ಹೇಳಿದೆ. ಚಿಕ್ಕ ಮಗಳಿಗೂ ಅದು ಇದೆಯೆಂದು ಖಚಿತವಿಲ್ಲ, ರಕ್ತ ನೋಡಿದರೆ ಮಾತ್ರ ತಿಳಿಯುತ್ತದೆ ಎಂದೂ ಹೇಳಿದೆ. ಸತ್ತವಳ ಮಾತು ನಾನು ಎತ್ತಲಿಲ್ಲ. ಎತ್ತುವ ಅಗತ್ಯ ಇರಲಿಲ್ಲ. ಆಯಿ ಒಲೆಯೊಳಗಿನ ಕಟ್ಟಿಗೆಯನ್ನು ಒಂದೊಂದಾಗಿ ಹಿಂದಕ್ಕೆ ಎಳೆದು ನೀರು ಚಿಮುಕಿಸಿದರು. ಬಾಣಲೆಯಲ್ಲಿ ಅಂಟು ಅರ್ಧ ಅರಳಿ ನಿಂತಿತು.

ತಾಯಿ ಆಗಲೇ ಹುಕ್ಕೇರಿಗೆ ಫೋನು ಮಾಡಿದಳು. ಬೀಗತಿಯ ದನಿ ನನಗೂ ಕೇಳುವಷ್ಟು ದೊಡ್ಡದಿತ್ತು: "ದವಾಖಾನಿ ಮಂದಿ ಏನರ ಒಂದ ಅಂತಾರ. ಕುಬಸಕ್ಕ ತುಪ್ಪ ಇಲ್ಲಂದ್ರ ಮಂದಿ ನಮಗ ಏನಂದಾರು? ಉಂಡಿ ಕಟ್ಟಾಕ ಬ್ಯಾಸರಾದ್ರ ಹಂಗ ಹೇಳ್ರಿ, ನಾವ ಕಟ್ಟತೇವಿ!"

ಶನಿವಾರ ಹನ್ನೊಂದೂವರೆಗೆ ನಾವು ಹುಕ್ಕೇರಿಯ ಆ ಮನೆಯಲ್ಲಿದ್ದೆವು. ಡಾಕ್ಟರು, ನಾನು, ತಾಯಿ, ಆಯಿ. ಬರುವಾಗ ಘಟಪ್ರಭಾದಲ್ಲಿ ಜೀಪು ನಿಲ್ಲಿಸಿ ನಾನು ಎರಡು ಇಡ್ಲಿ ತಿಂದು ಚಾ ಕುಡಿದಿದ್ದೆ. ಇದನ್ನು ಬರೆಯಲು ಕಾರಣವಿದೆ. ನಡುಮನೆಯಲ್ಲಿ ಚಿಕ್ಕ ಮಗಳು ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ತಾಯಿಯಂತೆಯೇ ತೆಳ್ಳಗೆ. ಶಾಸ್ತ್ರ ಮುಗಿಯುವವರೆಗೆ ತಿನ್ನಬಾರದೆಂದು ಬೆಳಿಗ್ಗೆಯಿಂದ ಖಾಲಿ ಹೊಟ್ಟೆಯಲ್ಲಿದ್ದಳು. ಎದುರಿಗೆ ತಟ್ಟೆಯಲ್ಲಿ ಹೋಳಿಗೆ, ಅದರ ಮೇಲೆ ತುಪ್ಪ ನಿಂತಿತ್ತು. ಐದು ಮಂದಿ ಮುತ್ತೈದೆಯರು ಆಕೆಗೆ ತುತ್ತು ತಿನಿಸಲು ಸಾಲಾಗಿ ಕೂತಿದ್ದರು.

ಬೀಗತಿ ಬಾಗಿಲಲ್ಲೇ ತಡೆದರು. "ನಮ್ಮ ಸೊಸಿ ಏನ ಉಣಬೇಕು ಅಂತ ಹೇಳಾಕ ಮೂಡಲಗಿಯಿಂದ ಜೀಪ ಮಾಡಿಕೊಂಡ ಬಂದೀರೇನ?"

ಡಾಕ್ಟರು ವಾದ ಮಾಡಲಿಲ್ಲ. "ಒಂದ ತಾಸು ತಡೀರಿ. ಆಮ್ಯಾಲ ನೀವ ಹೇಳಿದಂಗ ಆಗಲಿ" ಎಂದರು. ಹುಡುಗಿಯ ಕಡೆ ತಿರುಗಿ, "ನಿನ್ನ ಒಪ್ಪಿಗಿ ಐತೇನವ್ವಾ?" ಎಂದು ಕೇಳಿದರು. ಆಕೆ ಅತ್ತೆಯ ಮುಖ ನೋಡದೆ ಕೈ ಚಾಚಿದಳು. ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ ನಾನು ರಕ್ತ ತೆಗೆದೆ. ಆಮೇಲೆ ಡಾಕ್ಟರು ಎಲ್ಲರೂ ನೋಡುವಂತೆ ನನ್ನ ತೋಳಿನಿಂದ ಇನ್ನೊಂದು ಟ್ಯೂಬು ತೆಗೆದರು. ರಕ್ತ ಹೆಪ್ಪುಗಟ್ಟಲು ಅರ್ಧ ತಾಸು ಬೇಕು. ಆಮೇಲೆ ಟಿವಿಯ ಪ್ಲಗ್ಗು ಕಿತ್ತು ಯಂತ್ರದ ವೈರು ಹಾಕಿದೆ.

"ಇದೇನ್ರಿ, ಮಿಕ್ಸರಾ?" ಎಂದಳು ಮುತ್ತೈದೆಯರಲ್ಲಿ ಒಬ್ಬಳು.

"ಹೂಂ, ಚಟ್ನಿ ರುಬ್ಬಾಕತ್ತಾರ, ಸುಮ್ನ ಕುಂದರ" ಎಂದಳು ಪಕ್ಕದವಳು.

ಯಂತ್ರ ನಿಂತಿತು. ನಾನು ಎರಡೂ ಟ್ಯೂಬುಗಳನ್ನು ಬೀಗತಿಯ ಕೈಗೇ ಕೊಟ್ಟೆ. ನನ್ನದು ಸ್ವಲ್ಪ ಮಂಕಾಗಿತ್ತು, ಆದರೆ ಹಳದಿ. ಹಿಂದಿನ ಬೆರಳು ಕಾಣುತ್ತಿತ್ತು. ಹುಡುಗಿಯದು ತಾಯಿಯದಕ್ಕಿಂತಲೂ ಬಿಳಿ.

"ಉಂಡ ಬಂದಾವ ನಾನು. ಉಪಾಸ ಇರಾಕಿ ನಿಮ್ಮ ಸೊಸಿ" ಎಂದೆ.

ಬೀಗತಿ ಟ್ಯೂಬನ್ನು ಓರೆ ಮಾಡಿದರು, ನೆಟ್ಟಗೆ ಹಿಡಿದರು, ಕಿಟಕಿಯ ಹತ್ತಿರ ಒಯ್ದರು. "ಹಿಂಗ್ಯಾಕ ಆತ್ರಿ ಇದು?" ಎಂದು ಡಾಕ್ಟರನ್ನು ಕೇಳಿದರು. ಈ ಸಲ ದನಿ ಚಿಕ್ಕದಿತ್ತು. ಡಾಕ್ಟರು ಹೇಳಿದರು. ಹೇಳಿ ಮುಗಿದ ಮೇಲೂ ತಟ್ಟೆ ಅಲ್ಲೇ ಇತ್ತು. ಐದು ಮಂದಿ ಅಲ್ಲೇ ಕೂತಿದ್ದರು. ಶಾಸ್ತ್ರದ ತುತ್ತು ಇಡದೆ ಏಳಿಸಿದರೆ ಅಪಶಕುನ, ಇಟ್ಟರೆ ತುಪ್ಪ.

ಆಗ ಆಯಿ ಎದ್ದರು. ಅವರು ವಿಧವೆ. ಆ ಸಾಲಿನಲ್ಲಿ ಅವರಿಗೆ ಜಾಗವಿರಲಿಲ್ಲ, ಗೋಡೆಗೆ ಒರಗಿ ಹಿಂದೆ ಕೂತಿದ್ದರು. ಹೋಳಿಗೆಯ ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಬದಿಗಿಟ್ಟರು. ತಾವು ತಂದ ಬುತ್ತಿಯ ಗಂಟು ಬಿಚ್ಚಿದರು. ಅದರಲ್ಲಿ ಜೋಳದ ನುಚ್ಚು ಇತ್ತು. ಅದನ್ನು ಬಟ್ಟಲಿಗೆ ಹಾಕಿ ಕೆನೆ ತೆಗೆದ ಮಜ್ಜಿಗೆ ಕಲಸಿದರು.

"ಮುತ್ತೈದಿ ಅಲ್ಲ ನಾ, ಗೊತ್ತೈತಿ" ಎಂದರು. "ದೊಡ್ಡಾಕಿಗೆ ತಿನಿಸಿ ತಿನಿಸಿ ಕಳಿಸಿದಾಕಿ ನಾನ. ಗೊತ್ತಿರಲಿಲ್ಲ, ತಿನಿಸಿದ್ನಿ. ಈಗ ಗೊತ್ತಾಗೇತಿ. ಇದಕ್ಕ ಬ್ಯಾಡ ಅನ್ನಾವರು ನನ್ನ ಮುಂದ ಬಂದ ಅನ್ನರಿ."

ಆಯಿ ಮೊದಲ ತುತ್ತು ಇಟ್ಟರು. ಹುಡುಗಿ ನುಂಗಿದಳು. ಆಮೇಲೆ ಬೀಗತಿ ಅದೇ ಬಟ್ಟಲನ್ನು ಎತ್ತಿ ಮುತ್ತೈದೆಯರ ಮುಂದೆ ಹಿಡಿದರು: "ಏನ ಬಾಯಿ ತಕ್ಕೊಂಡ ನೋಡತೀರಿ? ಇದನ್ನ ತಿನಸರಿ. ಕುಬಸ ಆಗಲಿಕ್ಕ ಬೇಕ." ಐದು ಮಂದಿಯೂ ಒಬ್ಬೊಬ್ಬರಾಗಿ ನುಚ್ಚು ತಿನಿಸಿದರು. ಉಡಿ ತುಂಬಿದರು. ಆರತಿ ಮಾಡಿದರು.

ಅಂದೇ ಮಧ್ಯಾಹ್ನ ಅದೇ ಜೀಪಿನಲ್ಲಿ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದೆವು. ಬಸುರಿಯರ ಸಾಮಾನ್ಯ ತಪಾಸಣೆಯಲ್ಲಿ ರಕ್ತದ ಕೊಬ್ಬು ನೋಡುವ ರೂಢಿ ಇಲ್ಲ. ಅದಕ್ಕೇ ಅಲ್ಲಿಯವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಣ್ಣೆ, ತುಪ್ಪ, ಕೊಬ್ಬರಿ, ಶೇಂಗಾ ಎಲ್ಲ ನಿಂತವು. ವಾರವಾರ ರಕ್ತ ತೆಗೆದವನು ನಾನೇ. ಬಿಳಿ ಒಮ್ಮೆಲೇ ಹೋಗಲಿಲ್ಲ, ವಾರದಿಂದ ವಾರಕ್ಕೆ ತೆಳುವಾಯಿತು. ಎಂಟನೆಯ ತಿಂಗಳಲ್ಲಿ ಒಮ್ಮೆ ನೋವು ಬಂತು. ಎರಡು ದಿನ ಬಾಯಿಗೆ ಏನೂ ಕೊಡದೆ ಸಲಾಯಿನ್ ಏರಿಸಿದರು. ಆ ಎರಡು ದಿನ ಆಯಿಯೂ ಉಣ್ಣಲಿಲ್ಲವೆಂದು ಆಮೇಲೆ ತಿಳಿಯಿತು. ಮೂರನೆಯ ದಿನ ನೋವು ಇಳಿಯಿತು. ಹೆರಿಗೆ ಆಸ್ಪತ್ರೆಯಲ್ಲೇ ಆಯಿತು. ಹೆಣ್ಣು ಮಗು. ಆಕೆಯ ಬಾಣಂತನ ತವರಿನಲ್ಲಿ, ನುಚ್ಚು, ಬೇಳೆಯ ಕಟ್ಟು, ಮಜ್ಜಿಗೆಯಲ್ಲಿ ನಡೆಯಿತು. ಒಂಬತ್ತನೆಯ ದಿನ ನಾನು ಯಾವ ಕೆಲಸವೂ ಇಲ್ಲದೆ ತುಕ್ಕಾನಟ್ಟಿಗೆ ಹೋದೆ. ಆಕೆ ಅಂಗಳದ ಬಿಸಿಲಿನಲ್ಲಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದಳು. ನನ್ನನ್ನು ನೋಡಿ "ಇವತ್ತೂ ರಕ್ತ ತಗೀತೀರೇನ್ರಿ?" ಎಂದು ಕೇಳಿದಳು. ಇಲ್ಲ ಎಂದೆ. ಚಾ ಕೊಟ್ಟರು, ಕುಡಿದು ಬಂದೆ.

ತೊಟ್ಟಿಲಿಗೆ ಹಾಕುವ ದಿನ ಬೀಗತಿ ಬಾಗಿಲಲ್ಲಿ ಕಾವಲು ನಿಂತಿದ್ದರು. ಯಾರ ಕೈಯಲ್ಲಿ ಡಬ್ಬಿ ಕಂಡರೂ ಒಂದೇ ಮಾತು: "ಉಂಡಿ ತಂದೀರೇನ? ತಂದ್ರ ನೀವ ತಿಂದ ಹೋಗ್ರಿ. ನನ್ನ ಸೊಸಿ ಹಂತೇಕ ಸುಳೀಬ್ಯಾಡ್ರಿ." ಮೂರು ತಿಂಗಳ ಹಿಂದೆ ನಮ್ಮನ್ನು ಬಾಗಿಲಲ್ಲಿ ತಡೆದವರೇ ಅವರು ಎಂದರೆ ಯಾರೂ ನಂಬುತ್ತಿರಲಿಲ್ಲ.

ಆಮೇಲೆ ಜೀನಿನ ಪರೀಕ್ಷೆಯೂ ಅದನ್ನೇ ಹೇಳಿತು. ಏಳನೆಯ ಟ್ಯೂಬಿನ ಆ ತಾಯಿ ಮದುವೆಯಾದದ್ದು ತನ್ನ ಸ್ವಂತ ಸೋದರಮಾವನನ್ನು. ಆ ದೋಷ ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ಮಗಳಿಗೆ ಬಂದಿತ್ತು. ಸತ್ತವಳ ರಕ್ತ ಯಾರೂ ತೆಗೆದಿರಲಿಲ್ಲ. ಆಕೆಯ ವಿಷಯದಲ್ಲಿ ಡಾಕ್ಟರು 'ಇರಬಹುದು' ಎಂದಷ್ಟೇ ಬರೆದರು, ನಾನೂ ಅಷ್ಟೇ ಹೇಳುತ್ತೇನೆ. ನಮ್ಮ ವಹಿಯಲ್ಲಿ 'ಉಂಡು ಬಂದಿದ್ದಾರೆ' ಎಂಬ ಷರಾ ಈಗ ಇಲ್ಲ. ಬಿಳಿ ಟ್ಯೂಬು ಬಂದರೆ ಮನೆಗೆ ಹೋಗಿ ಕೇಳಬೇಕಾದ ಮೂರು ಪ್ರಶ್ನೆಗಳಿವೆ: ಹೊಟ್ಟೆನೋವು ಯಾರಿಗಿದೆ, ಬಸುರಿ ಯಾರಿದ್ದಾರೆ, ಬಾಣಂತನದಲ್ಲಿ ಏನು ತಿನ್ನುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವನ್ನು ನಾನೇ ಕಲಿಸುತ್ತೇನೆ, ಮತ್ತು ನನ್ನ ತಪ್ಪನ್ನು ಬಿಡದೆ ಹೇಳುತ್ತೇನೆ. ಎರಡನೆಯ ಟ್ಯೂಬನ್ನೂ ಚೆಲ್ಲಿದ್ದರೆ ಶನಿವಾರದ ಹೊತ್ತಿಗೆ ನಾವು ಹುಕ್ಕೇರಿಯಲ್ಲಿ ಇರುತ್ತಿರಲಿಲ್ಲ. ಇದು ನನಗೆ ಖಚಿತವಾಗಿ ಗೊತ್ತು.

ಹುಕ್ಕೇರಿಯ ಆ ನಡುಮನೆಯಲ್ಲಿ ನಡೆದದ್ದನ್ನು ಕಂಡವನು ನಾನೊಬ್ಬನೇ ಅಲ್ಲ. ಡಾಕ್ಟರು ಈಗ ಬೇರೆ ಊರಿನಲ್ಲಿದ್ದಾರೆ, ಇದೇ ಕೆಲಸ ಮುಂದುವರಿಸಿದ್ದಾರೆ. ತಾಯಿ ತುಕ್ಕಾನಟ್ಟಿಯ ತೋಟದಲ್ಲಿದ್ದಾಳೆ. ಬೀಗತಿ ಹುಕ್ಕೇರಿಯಲ್ಲಿದ್ದಾರೆ, ದನಿ ಮೊದಲಿನಷ್ಟೇ ದೊಡ್ಡದು. ತುತ್ತು ತಿನಿಸಿದ ಐದು ಮಂದಿಯಲ್ಲಿ ಒಬ್ಬಳು ಕಳೆದ ವರ್ಷ ತೀರಿಕೊಂಡಳು, ನಾಲ್ವರು ಅದೇ ಓಣಿಯಲ್ಲಿದ್ದಾರೆ. ಆಯಿಗೆ ಕಣ್ಣು ಮಂಜಾಗಿದೆ, ಆದರೆ ಕೇಳಿದರೆ ಒಂದು ಮಾತೂ ಬಿಡದೆ ಹೇಳುತ್ತಾರೆ. ಮಣೆಯ ಮೇಲೆ ಕೂತಿದ್ದವಳೂ ಎಲ್ಲವನ್ನೂ ನೋಡಿದ್ದಾಳೆ. ಆಕೆಯೂ ಇದ್ದಾಳೆ.